ಬಿಡಿಸದ ಮಡಿಕೆ

ತಾರ್ತುವಿನ ಗ್ರಂಥಾಲಯದ ನೆಲಮಾಳಿಗೆ. ನನ್ನ ಮೇಜಿಗೆ
ಬೆನ್ನು ಮುರಿದುಕೊಂಡು ಬಂದಿದೆ ಒಂದು ಹಳೇ ಕಾದಂಬರಿ.
ಓದುವುದಕ್ಕಲ್ಲ ನನಗೆ ಸಂಬಳ.
ಧೂಳು ಒರೆಸಬೇಕು, ಗೋಂದು ನೆನೆಸಬೇಕು,
ಕೊಳೆತ ದಾರ ಬಿಚ್ಚಿ ಹೊಸದು ಹೊಲಿಯಬೇಕು.
ಆದರೂ ಕಣ್ಣಿಗೆ ಅಗುಳಿ ಹಾಕುವುದುಂಟೇ?

ಇದರಲ್ಲಿ ಕ್ರೀಟ್ ಇದ್ದಾಳೆ, ಗಿರಣಿಯವನ ಮಗಳು.
ಅವಳು ಪ್ರೀತಿಸುವುದೆಂದರೆ
ತಿರುಗುವ ಬೀಸುಗಲ್ಲಿಗೆ ಕೈ ಕೊಡುವುದು.
ತುಂಬಿದ ಕೊಡ ತುಳುಕುವುದಿಲ್ಲವಂತೆ;
ಯಾರು ಹೇಳಿದ್ದೋ, ಇವಳನ್ನು ಕಂಡವರಲ್ಲ.
ಊಟದ ಮೇಜಿಗೆ, ಚರ್ಚಿನ ಮೆಟ್ಟಿಲಿಗೆ, ಅಂಚೆಯವನ ಚೀಲಕ್ಕೆ
ತುಳುಕಿದ್ದೇ ತುಳುಕಿದ್ದು.

ಆರ್ಟುರನೂ ಇದ್ದಾನೆ. ಕೈಗವಸಿನ ಬಣ್ಣ ಆರಿಸಲು
ಅವನಿಗೆ ಒಂದಿಡೀ ಬೆಳಗು ಬೇಕು.
ಗೆಳೆಯನ ಹೆಣದ ಮುಂದೆ ನಿಂತು
ಹೂವಿನ ಬೆಲೆ ಎಷ್ಟು ಅನ್ನುತ್ತಾನೆ.
ಬರೆದಾತ ಅವನನ್ನು ಕ್ಷಮಿಸಲಿಲ್ಲ.
ನಾನೂ ಅಷ್ಟೇ, ಮೊದಮೊದಲು.

ಆದರೆ ಆರ್ಟುರ್ ಬರುವ ಪುಟಗಳೆಲ್ಲ ಮೆತ್ತಗೆ ಹಣ್ಣಾಗಿವೆ:
ಬೆಣ್ಣೆಯ ಹೆಬ್ಬೆರಳು, ರೈ ರೊಟ್ಟಿಯ ಚೂರು,
ಯಾವುದೋ ಮಗು ಅವನಿಗೆ ಬರೆದ ಪೆನ್ಸಿಲ್ ಮೀಸೆ.
ಕ್ರೀಟ್ ಮಂಜುಗಡ್ಡೆಯ ಮೇಲೆ ಹೊರಟುಹೋಗುವ
ಕಡೆಯ ಹದಿನಾರು ಪುಟಕ್ಕೆ
ಇವತ್ತಿನವರೆಗೂ ಚಾಕು ತಾಗಿಲ್ಲ.
ಅಚ್ಚಿನ ಮನೆಯಿಂದ ಬಂದ ಮಡಿಕೆ ಮಡಿಕೆಯಾಗಿಯೇ ಇದೆ.
ಮೊದಲ ಹಾಳೆಯಲ್ಲಿ ನೇರಳೆ ಶಾಯಿ: ಹೆಲ್ಮಿ, ೧೯೧೧.
ಹೆದರಿದೆಯಾ ಹೆಲ್ಮಿ? ಅಥವಾ
ಹಾಲು ಉಕ್ಕಿತು ಅಂತ ಎದ್ದು ಹೋದೆಯಾ?

ನಮ್ಮಪ್ಪ ಪೆಯ್ಪ್ಸಿ ಸರೋವರದ ಬೆಸ್ತ.
ದಡದ ಮೊಣಕಾಲುದ್ದದ ನೀರು ಬೇಗ ಹೆಪ್ಪುಗಟ್ಟುತ್ತಿತ್ತು,
ಅದರ ಮೇಲೆಯೇ ನಾವು ಜಾರಿ, ಬಿದ್ದು, ನಿಲ್ಲಲು ಕಲಿತದ್ದು.
ನಡುವಿನ ಆಳ ಹೆಪ್ಪುಗಟ್ಟಿದ ಮೇಲೂ
ರಾತ್ರಿಯಿಡೀ ನರಳುತ್ತಿತ್ತು.
ಅಪ್ಪ ಅತ್ತ ಕಿವಿಗೊಡುತ್ತಿದ್ದ,
ಬಲೆ ಮಾತ್ರ ಇತ್ತಲೇ ಬಿಡುತ್ತಿದ್ದ.

ಎಂಡೆಲ್ ಕೂಡ ಮೊಣಕಾಲುದ್ದದ ಮನುಷ್ಯ, ನನ್ನ ಗಂಡ.
ಹವಾಮಾನ ಮತ್ತು ಅಂಗಡಿಯ ರಿಯಾಯಿತಿ, ಇಷ್ಟೇ ಅವನ ಓದು.
ಅಮ್ಮನನ್ನು ಮಣ್ಣು ಮಾಡಿದ ದಿನ
ಜಲ್ಲಿಕಲ್ಲು ದುಬಾರಿಯಾಯಿತು ಅಂದ;
ಹದಿಮೂರು ದಿನ ನಾನು ಬಾಯಿ ಬಿಡಲಿಲ್ಲ.
ಹದಿಮೂರು ಬೆಳಗೂ ನನ್ನ ಬೂಟು
ಒಲೆಯ ಪಕ್ಕ ಬೆಚ್ಚಗಿರುತ್ತಿತ್ತು.

ಮೂರನೆಯ ಅಧ್ಯಾಯಕ್ಕೆ ತಿರುಗಿಸಿ ನೋಡಿದೆ:
ಹೂವಿನ ಬೆಲೆ ಕೇಳಿದವನು
ಕೊಂಡನೋ ಇಲ್ಲವೋ, ಬರೆದೇ ಇಲ್ಲ.

ಬಿಡಿಸದ ಮಡಿಕೆ ಬಿಡಿಸಕೂಡದು, ಅದು ಇಲ್ಲಿನ ನಿಯಮ.
ಮೂಳೆಯ ಚಾಕು ಕೈಯಲ್ಲೇ ಇದೆ.
ಸಂದಿಗೆ ದೀಪ ಹಿಡಿದು ಇಣುಕಿದೆ,
ಸಿಕ್ಕಿದ್ದು ಅರ್ಧ ಸಾಲು:
ಎಡಗಾಲಿನ ಕಾಲುಚೀಲ ಒದ್ದೆಯಾಗಿತ್ತು.
ಕ್ರೀಟ್, ಅಷ್ಟು ದೂರ ಹೋಗಿ
ನೀನೂ ಅದನ್ನು ಗಮನಿಸಿದೆಯಲ್ಲ!

ಐದಕ್ಕೆ ಎಂಡೆಲನ ಫೋನು.
ಮಾರುಕಟ್ಟೆಗೆ ಒಳ್ಳೆ ಹೆರಿಂಗ್ ಬಂದಿದೆ, ಎರಡು ಕಿಲೋ ತರಲಾ?
ಒಂದು ಕೈ ಇನ್ನೂ ಆ ಹದಿನಾರು ಪುಟದ ಮೇಲಿತ್ತು.
ಬೆಲೆ ಎಷ್ಟು, ಅಂದೆ.