ಕಕ್ಕಡ ಹದಿನೆಂಟು

ಬಂದ ವಾರವೇ ಒಂದು ಸಂಜೆ
ಲೈನ್‌ಮನೆಯ ಹಿಂದೆ ಬಿದಿರು ಲಟಲಟ ಮುರಿಯಿತು.
ಮಗುವನ್ನು ಕಂಕುಳಿಗೆ ಎಳೆದುಕೊಂಡು
ಹಾತ್ತೀ! ಹಾತ್ತೀ! ಎಂದು ಚೀರಿದೆ.
ಪಕ್ಕದ ಮನೆಯ ಜೋಗಿ ಬಾಗಿಲು ಸರಿಸಿ
ಒಂದು ಹಿಡಿ ಹತ್ತಿ ತಂದು ಕೈಗಿಟ್ಟಳು,
ಪಾಪ, ದೀಪಕ್ಕೆ ಬತ್ತಿ ಇಲ್ಲವೇನೋ ಎಂದು.
ಅಷ್ಟು ದೊಡ್ಡ ಪ್ರಾಣಿ
ನಮ್ಮಿಬ್ಬರ ನಡುವೆಯೇ ದಾಟಿ ಹೋಯಿತು.

ನಾವು ಬಾಜುರಾದವರು.
ಎರಡು ಬಸ್ಸು, ಗಡಿಯಲ್ಲೊಂದು ಸೇತುವೆ, ಮೂರು ರೈಲು,
ಕುಶಾಲನಗರದಿಂದ ಒಂದು ಪಿಕಪ್ಪು.
ಝುಮಾಗೆ ಆಗ ಎರಡೂವರೆ ವರ್ಷ,
ದಾರಿಯುದ್ದಕ್ಕೂ ಒಂದೇ ಪ್ರಶ್ನೆ:
ಮನೆ ಬಂತಾ ಆಮಾ?
ಬಂತು, ಬಂತು ಅಂದೆ. ಬಂದದ್ದು ಏಳನೇ ನಂಬರು.
ಒಂದು ಕೋಣೆ, ಒಂದು ಒಲೆ,
ಮೊದಲಿದ್ದವರು ಗೋಡೆಗೆ ಅಂಟಿಸಿದ ಯಾವುದೋ ದೇವರು.
ದೇವರನ್ನು ಹಾಗೇ ಬಿಟ್ಟೆ.
ನಮಗಿಂತ ಮೊದಲು ಬಂದವನು.

ಆಮೇಲೆ ಅವಳು ಅಂಗನವಾಡಿಗೆ ಹೋದಳು.
ಕೊಟ್ಟ ಮೊಟ್ಟೆಯನ್ನು ಅಲ್ಲೇ ತಿಂದು
ಶಬ್ದಗಳನ್ನು ಮಾತ್ರ ಫ್ರಾಕಿನ ಜೇಬಲ್ಲಿ ತಂದು
ನನ್ನ ಮುಂದೆ ಸುರಿಯುವಳು:
ನೀರು. ಚಪ್ಪಲಿ. ಜಿಗಣೆ. ನಂದು.
ನಂದು ಅಂದರೇನೇ ಎಂದು ಕೇಳಿದೆ.
ತಟ್ಟೆಯನ್ನು ಎದೆಗೊತ್ತಿ ತೋರಿಸಿದಳು.

ಕನ್ನಡ ನನಗೆ ಹೀಗೆ ಎಂಜಲಾಗಿ ಸಿಕ್ಕಿದ್ದು,
ಹಾಲುಹಲ್ಲಿನ ಗುರುತಿನ ಸಮೇತ.
ಇವತ್ತಿಗೂ ರೈಟರ ಹತ್ತಿರ ಕೂಲಿ ಕೇಳುವಾಗ
ನನ್ನದು ಮೂರು ವರ್ಷದವಳ ಮಾತು:
ದುಡ್ಡು ಕೊಡು. ಎಲ್ಲ ಕೊಡು. ನಂದು.

ಅದು ಕಕ್ಕಡ ತಿಂಗಳು,
ಪ್ಲಾಸ್ಟಿಕ್ ಹೊದ್ದು ಕಾಫಿಯ ಬುಡದಲ್ಲಿ ಕಳೆ ಕೀಳುವ ಕಾಲ.
ಒಂದು ಬೆಳಿಗ್ಗೆ ಝುಮಾ ಚರಂಡಿಯ ಪಕ್ಕ ಕೂತಳು.
ಸಿಮೆಂಟಿನ ಮೇಲೆ ಹರಿದದ್ದು ಕೆಂಪು.
ಕೆಂಪೆಂದರೆ ಕೆಂಪು.
ಅವಳು ಬಗ್ಗಿ ನೋಡಿ ನಗುತ್ತಿದ್ದಾಳೆ.

ಬಾಯಿಗೆ ಬಂದದ್ದು ನನ್ನ ಊರ ಮಾತೇ.
ರಗತ್! ರಗತ್!
ಸಾಲಿನ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದವು.
ಅಸ್ಸಾಮಿನವರು ಬಂದರು, ಚಾಮರಾಜನಗರದವರು ಬಂದರು,
ಜೋಗಿ ಸೌಟು ಹಿಡಿದೇ ಓಡಿ ಬಂದಳು.
ಈ ಸಲ ಯಾರೂ ಹತ್ತಿ ತರಲಿಲ್ಲ.

ಚರಂಡಿ ನೋಡಿ, ಮಗುವಿನ ನಾಲಿಗೆ ನೋಡಿ
ಜೋಗಿ ನಕ್ಕಳು. ಸೊಂಟ ಹಿಡಿದುಕೊಂಡು ನಕ್ಕಳು.
ಆ ಗಳಿಗೆಯಲ್ಲಿ ಅವಳನ್ನು ಕೊಂದೇಬಿಡುತ್ತಿದ್ದೆ.
ಒಳಗಿಂದ ಪಾತ್ರೆ ತಂದು ತೋರಿಸಿದಳು:
ತಳದಲ್ಲಿ ನೇರಳೆ ಬಣ್ಣದ ಪಾಯಸ,
ತೋಡಿನ ಬದಿ ದಿನಾ ಕಾಲಿಗೆ ತಾಕುವ ಅದೇ ಸೊಪ್ಪಿನ ರಸ.
ಕಕ್ಕಡ ಹದಿನೆಂಟಕ್ಕೆ ಅದರೊಳಗೆ
ಹದಿನೆಂಟು ಮದ್ದು ಬಂದು ಕೂಡುತ್ತವಂತೆ.
ನಿನ್ನೆ ನಾನು ತೋಟದಿಂದ ಬರುವ ಮೊದಲೇ
ಇವಳು ಎರಡು ಬಟ್ಟಲು ಮುಗಿಸಿದ್ದಾಳೆ.
ತಿಂದವರಿಗೆಲ್ಲ ಹೀಗೇ, ಅಂದಳು. ನನಗೂ ಹೀಗೇ.
ಆಮೇಲೆ ದನಿ ತಗ್ಗಿಸಿ:
ಬಂಗಲೆಯ ಚೋಂದಮ್ಮನವರಿಗೂ ಹೀಗೇ.

ನಂಬಿದೆನೆ? ಎಲ್ಲಿ.
ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಅಮ್ಮತ್ತಿಗೆ ನಡೆದೆ.
ಆಸ್ಪತ್ರೆಯ ಲಿಸ್ಸಿ ಸಿಸ್ಟರೂ ಅದನ್ನೇ ಹೇಳಿ
ಝುಮಾಳ ಕೆನ್ನೆ ಹಿಂಡಿ ಕಳಿಸಿದರು,
ಚೀಟಿ ಕೂಡ ಬರೆಯಲಿಲ್ಲ.
ಅರ್ಧ ದಿನದ ಕೂಲಿ ಹೋಯಿತು.

ರಾತ್ರಿ ಜೋಗಿ ಕೊಟ್ಟ ತಳದ ಪಾಯಸ ನಾನು ತಿಂದೆ.
ಬೆಲ್ಲ, ತೆಂಗಿನಕಾಯಿ, ಅವುಗಳ ಕೆಳಗೆ
ಹೆಸರು ಗೊತ್ತಿಲ್ಲದ ಒಂದು ಕಾಡುವಾಸನೆ.
ಯಾರೂ ಏಳುವ ಮೊದಲು ಟಾರ್ಚು ಹಿಡಿದು
ಹೊರಗೆ ಹೋಗಿ ನೋಡಿಕೊಂಡೆ.
ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಭಾನುವಾರ ನನ್ನ ಆಮಾಗೆ ಫೋನು.
ಆ ತುದಿಯಲ್ಲಿ ಗಾಳಿ, ಕೋಳಿ, ಅವಳ ಕೆಮ್ಮು.
ಎಲ್ಲ ಕೇಳಿಸಿಕೊಂಡು ಕಡೆಗೆ ಕೇಳಿದಳು:
ಎಂಥ ದೇಶವೇ ಅದು?
ಏನು ಹೇಳಲಿ ಎಂದು ಹುಡುಕುತ್ತಿದ್ದೆ,
ಹಿಂದೆ ಬಿದಿರು ಮುರಿಯಿತು.
ಝುಮಾ ಬಂದು ನನ್ನ ಬಾಯಿಗೆ ಅಂಗೈ ಮುಚ್ಚಿದಳು,
ಕಿವಿಯ ಹತ್ತಿರ ಉಸಿರಲ್ಲೇ ಹೇಳಿಕೊಟ್ಟಳು:

ಆನೆ ಅನ್ನು, ಆಮಾ.
ಮೆಲ್ಲಗೆ.