ಎರವಲು ನಾಲಿಗೆ

ಓಡಿಲ್ ಕುಡಿಯುವಂತಿಲ್ಲ. ಮೂರು ವರ್ಷವಾಯಿತು
ಬ್ರಸೆಲ್ಸಿನ ಡಾಕ್ಟರು ಗೆರೆ ಎಳೆದು.
ಅದಕ್ಕೇ ಚಳಿಗಾಲದ ಶನಿವಾರಗಳಲ್ಲಿ
ನನ್ನನ್ನು ಕರೆಸುತ್ತಾನೆ ಪೀಪಾಯಿಗಳ ಮನೆಗೆ.

"ಪತ್ರಿಕೆಗೆ ಏನು ಬೇಕಾದರೂ ಬರಿ, ಲುಟ್‌ಗಾರ್ಟ್,
ಎಲುಬಿಲ್ಲದ ನಾಲಿಗೆ. ಇಲ್ಲಿ ಮಾತ್ರ
ಇದ್ದದ್ದನ್ನು ಇದ್ದ ಹಾಗೆ ಹೇಳು."

ಮೊದಲನೆಯದು: ಹಸಿರು ಸೇಬಿನ ಸಿಪ್ಪೆ.
ಎರಡನೆಯದು: ನಿಂಬೆ ಹಿಂಡಿದ ಬೆರಳು, ಮಾರನೆಯ ದಿನ.
ಮೂರು,
"ಹೂಂ?"
ಮೂರು ಸುಮ್ಮನೆ ಹುಳಿ.
ನಾಲ್ಕಕ್ಕೆ ಮುಖ ಕಿವುಚಿದೆ, ಮಾತು ಬೇಕಾಗಲಿಲ್ಲ;
ಸೀಮೆಸುಣ್ಣದಲ್ಲಿ ಗೀಟು ಹಾಕಿ ವಿನೆಗರಿಗೆ ಬಿಟ್ಟ.
ಐದೂ ಆರೂ ಅವಳಿಗಳು,
ಒಂದರ ಮಾತನ್ನು ಇನ್ನೊಂದು ಮುಗಿಸುವಂಥವು.

ಏಳನೆಯದನ್ನು ಬಾಯಲ್ಲೇ ಇಟ್ಟುಕೊಂಡು ನಿಂತೆ.
ನೊರೆಯಿಲ್ಲ. ಸೂರಿನ ಸಂದಿಯಿಂದ
ಇಳಿದು ಬಂದ ಗಾಳಿಯೇ ಹುದುಗಿಸಿದ ಬಿಯರು.
ಮೊದಲು ಒಗರು. ಆಮೇಲೆ
"ಹೇಳು."
ಬೆವರಿದ ಕುದುರೆಯ ಬೆನ್ನಿಂದ
ಆಗಷ್ಟೇ ತೆಗೆದ ಕಂಬಳಿ, ಅಂದೆ.
ಚೂರು ಹುಲ್ಲು. ಚೂರು ಹೊಗೆ,
ಅಲ್ಲ, ತೊಗಲು.

ಕಣ್ಣು ಮುಚ್ಚಿದ. ಗಂಟಲಗಂಟು ಒಮ್ಮೆ
ಮೇಲೆ ಹೋಗಿ ಇಳಿಯಿತು, ಖಾಲಿ.
"ಕಂಬಳಿ ಒದ್ದೆಯೋ, ಒಣಗಿದ್ದೋ?"
ಒದ್ದೆ.
"ಹಾಗಾದರೆ ಇನ್ನೊಂದು ಬೇಸಗೆ ಕಾಯಬೇಕು."

ಗ್ಲಾಸು ತೊಳೆದಿಟ್ಟೆ. ಲೆಕ್ಕದ ಪುಸ್ತಕ ಮುಚ್ಚಿದ.
ಕದದ ಬಳಿ ನನ್ನ ಕೋಟು ಹಿಡಿದು
ತೋಳು ತೂರಿಸಲು ನೆರವಾಗುತ್ತ
ಬೆನ್ನ ಹಿಂದಿನಿಂದ ಕೇಳಿದ:
"ಆ ಮೂರನೆಯದು... ನಿಜಕ್ಕೂ ಸುಮ್ಮನೆ ಹುಳಿಯಾ?"

ಇಲ್ಲ ಓಡಿಲ್.
ಬೇಗ ಬಸ್ಸು ಹಿಡಿಯೋಣವೆಂದಿದ್ದೆ.

ಕೋಟು ಮತ್ತೆ ಮೊಳೆಗೆ ಹೋಯಿತು.