ಎಡಜೇಬು

ಕೌಲ್ ಬಜಾರಿನ ಜೀನ್ಸ್ ಶೆಡ್ಡಿನಲ್ಲಿ
ಇವತ್ತೂ ಒಂದು ಪ್ಯಾಂಟಿಗೆ
ಎರಡೂ ಜೇಬು ಬಲಗಡೆಗೇ ಹೊಲಿದೆ.
ಮಾಬುನ್ನಿ ನಗಲಿಲ್ಲ. ಕಟ್ಟರ್ ಕೊಟ್ಟಳು.

ಇಪ್ಪತ್ತೆರಡು, ಇಪ್ಪತ್ಮೂರು...
ಮುಂದಿನದು ನಾಲಿಗೆ ತುದಿಗೆ ಬಂದು
ನೀಲಿ ಧೂಳಿನಲ್ಲಿ ಕೂತುಬಿಡುತ್ತದೆ.
ಮತ್ತೆ ಒಂದರಿಂದ.

ದವಾಖಾನೆಯ ಟೋಕನ್ ಕಳೆದೆ,
ಬಿಳಿ ಗುಳಿಗೆ ಬೆಳಗಿನದೋ ರಾತ್ರಿಯದೋ ಮರೆತೆ,
ತಂಗಿಯನ್ನು ಕರೆಯಹೋಗಿ
ಸತ್ತ ಅಕ್ಕನ ಹೆಸರು ಹಿಡಿದೆ.
“ಬುದ್ಧಿ ಎಲ್ಲೂ ಹೋಗಿಲ್ಲ ಸುಂಕಮ್ಮಾ,
ಮನಸ್ಸಿಗೆ ಭಾರ; ಅದಕ್ಕೇ ಕೈಗೆ ಸಿಗುತ್ತಿಲ್ಲ”
ಡಾಕ್ಟರಮ್ಮ ಅಂದದ್ದು ಮಾತ್ರ
ಗೋಡೆಯ ಹಲ್ಲಿ ಸಮೇತ ನೆನಪಿದೆ.

ದಾರ ಬಿಚ್ಚಿದೆ.
ಹೊಲಿಗೆ ಹೋದರೂ ತೂತುಗಳು ಹಾಗೇ ಇವೆ.
ಒಂದೊಂದೇ ಎಣಿಸತೊಡಗಿದೆ.
ಹತ್ತೊಂಬತ್ತಕ್ಕೆ ಕರೆಂಟು ಹೋಯಿತು.
ಐವತ್ತು ಮಿಷಿನ್ನು ಒಮ್ಮೆಲೇ ಸುಮ್ಮನಾದವು.
ಎಲ್ಲರೂ ಅರ್ಧಕ್ಕೇ ಕೈ ಬಿಟ್ಟು ಕೂತರು,
ಏನೋ ಮರೆತವರ ಹಾಗೆ.